ಅಂಬಿಗನಿಲ್ಲದ ಹರಿಗೋಲು

ಈಗ ಕನಕಪುರ ಅನ್ನುತ್ತೇವಲ್ಲ, ಆ ಊರನ್ನು ಆಗ ಕಾನಕಾನಹಳ್ಳಿ ಅನ್ನುತ್ತಿದ್ದರು. ಅಲ್ಲಿಂದ ಅರ್ಕಾವತಿಯ ದಡ ಹಿಡಿದು ಕೆಳಕ್ಕೆ ನಡೆದರೆ ಮೂಡಣ ದಂಡೆಯಲ್ಲಿ ಹುಣಸೆಹಳ್ಳಿ. ಆ ಹಳ್ಳಿಯ ಸ್ಕೂಲಿಗೆ ಇದ್ದವರು ಒಬ್ಬರೇ ಮೇಷ್ಟ್ರು, ಪಂಚಾಕ್ಷರಯ್ಯ. ಹೆಸರೇನೋ ಲಕ್ಷಣವಾಗಿತ್ತು, ಅದನ್ನು ಹಿಡಿದು ಕರೆಯುವವರು ಮಾತ್ರ ಯಾರೂ ಇರಲಿಲ್ಲ. ಊರಿನವರು ಮೇಷ್ಟ್ರೇ ಅನ್ನುತ್ತಿದ್ದರು, ಹೊಳೆ ದಾಟಿಸುವ ಗಂಗಯ್ಯ ಮೇಷ್ಟ್ರೇ ಅನ್ನುತ್ತಿದ್ದ, ನೆಂಟರಿಷ್ಟರೂ ಮೇಷ್ಟ್ರೇ ಎಂದೇ ಮಾತಾಡಿಸುತ್ತಿದ್ದರು. ಹೆಂಡತಿ ಗಿರಿಜಾಂಬ ಇದ್ದಾಗ ‘ಏನೂಂದ್ರೆ’ ಅನ್ನುತ್ತಿದ್ದಳು. ಅವಳು ಹೋದ ಮೇಲೆ ಅದೂ ಹೋಯಿತು.

ಮಹಾರಾಜರ ಸರ್ಕಾರದ ಸ್ಕೂಲು ಅಂದರೆ ಊರಿನವರಿಗೆ ಹೆಮ್ಮೆ ಇತ್ತು, ಈ ಮೇಷ್ಟ್ರ ಪಾಠ ಅಂದರೆ ಸಮಾಧಾನ ಇರಲಿಲ್ಲ. ಹಿಂದಿನ ಕೂಲಿಮಠದ ಅಯ್ಯನೋರು ಹುಡುಗರನ್ನು ಮರಳ ಮೇಲೆ ಕೂರಿಸಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಊರಾಚೆಗೂ ಕೇಳುವ ಹಾಗೆ ಕೂಗಿಸುತ್ತಿದ್ದರು. ದುಡ್ಡಿಗೆ ತಕ್ಕ ಸದ್ದು! ಪಂಚಾಕ್ಷರಯ್ಯ ಮಗ್ಗಿ ಕಲಿಸುತ್ತಿರಲಿಲ್ಲ ಅಂತಲ್ಲ. ಕಲಿಸಿ, ಹುಡುಗ ಸರಿಯಾದ ಉತ್ತರ ಹೇಳಿದ ಮೇಲೆ ಕೈಬಿಡದೆ ‘ಹೇಗೆ ಗೊತ್ತು?’ ಎಂದು ಕೇಳುತ್ತಿದ್ದರು. ತಪ್ಪು ಹೇಳಿದವನನ್ನೂ ಅದನ್ನೇ ಕೇಳುತ್ತಿದ್ದರು. ಸರಿಗೂ ಅದೇ ಪ್ರಶ್ನೆ, ತಪ್ಪಿಗೂ ಅದೇ ಪ್ರಶ್ನೆ ಅಂದರೆ ಮಕ್ಕಳು ಏನು ಮಾಡಿಯಾವು? ಮನೆಗೆ ಹೋಗಿ ದೂರು ಹೇಳುತ್ತಿದ್ದವು.

“ನಮ್ಮ ಐಕ್ಳಿಗೆ ಲೆಕ್ಕ ಯೋಳ್ಕೊಡಪ್ಪಾ ಅಂತ ಸರ್ಕಾರ ಕಳುಸ್ದ್ರೆ, ಈವಯ್ಯ ಐಕ್ಳನ್ನೇ ಕೇಳ್ತದಲ್ಲ!” ಎಂದು ಅಂಗಡಿಯ ಬೋರಮ್ಮ ಬಾಗಿಲಲ್ಲಿ ನಿಂತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು. ಮೇಷ್ಟ್ರಿಗೂ ಕೇಳಿಸುತ್ತಿತ್ತು. ಅವರು ನಕ್ಕು ಮುಂದೆ ಹೋಗುತ್ತಿದ್ದರು.

ನಗು ಸ್ಕೂಲಿನ ಬಾಗಿಲು ಮುಚ್ಚುವವರೆಗೆ. ಆಮೇಲೆ ಮನೆ. ಒಂದು ಕೋಣೆ, ಒಂದು ಒಲೆ. ಬೆಳಿಗ್ಗೆ ಲಿಂಗಪೂಜೆ ಒಬ್ಬರೇ, ಸಂಜೆ ಊಟ ಒಬ್ಬರೇ. ಒಬ್ಬನಿಗಾಗಿ ಮುದ್ದೆ ತಿರುವಿ ನೋಡಿದವರಿಗೆ ಗೊತ್ತು, ಅದು ಎಂದೂ ಹದಕ್ಕೆ ಬರುವುದಿಲ್ಲ. ಇಷ್ಟೇ ಇಷ್ಟು ಹಿಟ್ಟಿಗೆ ಮಡಕೆಯೂ ಮಾತು ಕೇಳುವುದಿಲ್ಲ, ಕೋಲೂ ಮಾತು ಕೇಳುವುದಿಲ್ಲ. ಗಂಟುಗಂಟಾದ ಆ ಮುದ್ದೆಯನ್ನು ಅವರು ಗೋಡೆ ನೋಡಿಕೊಂಡು ನುಂಗುತ್ತಿದ್ದರು. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಎಂಟು ವರ್ಷದ ಹಿಂದೆ ಹುಣಸೆಹಳ್ಳಿಯಲ್ಲಿ ಪ್ಲೇಗು ಬಂದು ಇಲಿ ಬೀಳತೊಡಗಿದಾಗ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಗುಡಿಸಲಿಗೆ ಹೋಗುವಾಗ ಅವರು ಮೂವರು. ತಿಂಗಳೊಳಗೆ ಗಿರಿಜಾಂಬ ಇಲ್ಲವಾದಳು. ಉಳಿದದ್ದು ಹಾಲು ಕುಡಿಯುವ ಕೂಸು, ಮಂಗಳಗೌರಿ. ಅದು ಹಸಿವಿನಿಂದ ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಮೇಷ್ಟ್ರು ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಗಂಗಯ್ಯನ ಹರಿಗೋಲು ಹತ್ತಿ ಪಡುವಣ ದಡಕ್ಕೆ ಹೋದರು. ಅಲ್ಲಿಂದ ಒಂದು ಹರಿದಾರಿ ನಡೆದರೆ, ಕಬ್ಬಾಳು ಬೆಟ್ಟ ಎದುರಿಗೇ ಕಾಣುವ ಬಸವನಪಾಳ್ಯ. ಗಿರಿಜಾಂಬನ ಅಕ್ಕ ಚನ್ನಬಸಮ್ಮನನ್ನು ಕೊಟ್ಟ ಊರು ಅದು. ಚನ್ನಬಸಮ್ಮನ ಸ್ವಂತ ಕೂಸು ಹುಟ್ಟಿ ಹತ್ತೇ ದಿನಕ್ಕೆ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅವಳು ಕೂಸನ್ನು ತೆಗೆದುಕೊಂಡು ಸೆರಗಿನ ಮರೆಗೆ ಹಿಡಿದಳು. ಕೂಸಿನ ಅಳು ನಿಂತಿತು.

ಅವತ್ತೇ ಅವಳು ಅಂದಿದ್ದಳು: “ನೀವೂ ಇಲ್ಲೇ ಇದ್ಬುಡಿ ಮೇಷ್ಟ್ರೇ. ಹಿತ್ಲ ಕಡೆ ಕ್ವಾಣೆ ಖಾಲಿ ಐತೆ.”

ಮೇಷ್ಟ್ರಿಗೆ ಮೈಯೆಲ್ಲ ಮುದುಡಿದಂತಾಯಿತು. ಹೆಂಡತಿ ಇದ್ದಾಗಲೇ ಮನೆ ಅಳಿಯನಾಗುವವನನ್ನು ಊರು ನೋಡಿ ನಗುತ್ತದೆ. ಇನ್ನು ಹೆಂಡತಿ ಸತ್ತ ಮೇಲೆ ಹೆಂಡತಿ ಕಡೆಯವರ ಮನೆಯಲ್ಲಿ ಹೋಗಿ ಕೂರುವುದೆ? “ಬೇಡ ಅಕ್ಕಾ. ಅವಳು ನಡೆಯುವಂತಾದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ” ಎಂದು ಬಂದುಬಿಟ್ಟರು. ಮಗು ನಡೆಯಿತು, ಓಡಿತು. ಹಾಲುಹಲ್ಲು ಬಿದ್ದು ಬೇರೆ ಹಲ್ಲೂ ಬಂತು. ಮನೆಯಲ್ಲಿ ಹೆಂಗಸಿಲ್ಲ, ಜಡೆ ಹಾಕುವವರಿಲ್ಲ, ಜ್ವರ ಬಂದರೆ ನೋಡುವವರಿಲ್ಲ ಎಂದು ಮೇಷ್ಟ್ರು ವರ್ಷಕ್ಕೊಂದು ನೆಪ ಹುಡುಕಿದರು. ಇನ್ನೊಂದು ಮದುವೆಗೆ ಮನಸ್ಸು ಒಪ್ಪಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೊಳೆ ದಾಟಿ ಹೋಗಿ, ಜಗಲಿಯಲ್ಲಿ ಕೂತು, ಮಗಳಿಗೆ ಒಂದು ಒಗಟೋ ಒಂದು ಲೆಕ್ಕವೋ ಹಾಕಿ ಬರುತ್ತಿದ್ದರು. ಮಗುವಿನ ಜೊತೆ ಮಾತಾಡಲು ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ, ಪಾಪ. ಗೌರಿಗೆ ಅವರು ತನ್ನ ಅಪ್ಪ ಎಂದು ಗೊತ್ತಿತ್ತು. ಆದರೆ ಅವಳ ಬಾಯಲ್ಲಿ ಅವ್ವ ಅಂದರೆ ಚನ್ನಬಸಮ್ಮ, ಅಪ್ಪಯ್ಯ ಅಂದರೆ ಚನ್ನಬಸಮ್ಮನ ಗಂಡ ಪರಮಶಿವಯ್ಯ. ಇವರು ಬಂದರೆ ಒಳಗೆ ಓಡಿಹೋಗಿ, “ಅವ್ವಾ, ಮೇಷ್ಟ್ರು ಬಂದ್ರು!” ಎಂದು ಕೂಗುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವರ ಎದೆಯಲ್ಲಿ ಏನೋ ಚುಳುಕ್ ಅನ್ನುತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೇಷ್ಟ್ರು ತರಗತಿಯಲ್ಲಿ ಹೊಳೆ ದಾಟುವ ಲೆಕ್ಕ ಹಾಕಿದರು. ಲೆಕ್ಕ ಇಷ್ಟೇ. ಒಬ್ಬ ಅಂಬಿಗ, ಅವನ ಹತ್ತಿರ ಒಂದು ಹುಲಿ, ಒಂದು ಆಡು, ಒಂದು ಹುಲ್ಲುಹೊರೆ. ಮೂರನ್ನೂ ಆಚೆ ದಡಕ್ಕೆ ಸೇರಿಸಬೇಕು. ಹರಿಗೋಲಿನಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅಂಬಿಗ ಹತ್ತಿರ ಇಲ್ಲದಿದ್ದರೆ ಹುಲಿ ಆಡನ್ನು ತಿನ್ನುತ್ತದೆ, ಆಡು ಹುಲ್ಲನ್ನು ತಿನ್ನುತ್ತದೆ. ಮೂರೂ ಉಳಿಯಬೇಕು, ಹೇಗೆ?

“ಹುಲೀನ ಯಾಕ್ ಮೇಷ್ಟ್ರೇ ದಾಟುಸ್ಬೇಕು?” ಎಂದ ಒಬ್ಬ. “ನಮ್ಮ ಕೊಟ್ಟಿಗೆ ಕುರೀನ ಚಿರತೆ ವೊತ್ಕಂಡೋದಾಗ ಯಾವ ಹರಿಗೋಲೂ ಕೇಳ್ನಿಲ್ಲ.”

ಎಲ್ಲರೂ ನಕ್ಕರು. ಇನ್ನೊಬ್ಬ ಆಡನ್ನು ಮರಕ್ಕೆ ಕಟ್ಟಿಹಾಕಿ ಎಂದ. ಮತ್ತೊಬ್ಬ ಹುಲ್ಲುಹೊರೆಯನ್ನು ತಲೆಯ ಮೇಲೆ ಹೊತ್ತುಕೊಂಡರೆ ಹರಿಗೋಲಿನಲ್ಲಿ ಜಾಗ ಉಳಿಯುತ್ತದೆ ಎಂದ.

“ಲೆಕ್ಕ ಏನು ಹೇಳಿದೆ, ಅದನ್ನು ಮೊದಲು ಕಿವಿಕೊಟ್ಟು ಕೇಳ್ರೋ” ಎಂದರು ಮೇಷ್ಟ್ರು. “ಏನು ಮಾಡಬಾರದು ಅಂತ ಹೇಳಿದೆಯೋ ಅದನ್ನು ಮಾಡಬೇಡಿ. ಏನು ಮಾಡಬಾರದು ಅಂತ ಹೇಳಿಲ್ಲವೋ, ಅದನ್ನು ನೀವಾಗಿ ನೀವೇ ಬೇಡ ಅಂದುಕೊಂಡು ಕೂರಬೇಡಿ. ಅರ್ಧ ಜನ ಅಲ್ಲೇ ಮುಗ್ಗರಿಸುವುದು.”

ಹುಣಸೆಬೀಜ ಹುಲಿ, ಕಲ್ಲುಹರಳು ಆಡು, ಕಡ್ಡಿ ಹುಲ್ಲು, ಮಡಕೆಚೂರು ಹರಿಗೋಲು. ಹುಡುಗರು ನೆಲದ ಮೇಲೆ ಗೀಟೆಳೆದು ಅದೇ ಹೊಳೆ ಎಂದು ದಾಟಿಸತೊಡಗಿದರು. ಮೊದಲು ಯಾವುದು ಹೋಗಬೇಕು? ಹುಲಿ ಹೋದರೆ ಇಲ್ಲಿ ಹುಲ್ಲು ಹೋಯಿತು. ಹುಲ್ಲು ಹೋದರೆ ಇಲ್ಲಿ ಆಡು ಹೋಯಿತು. ಉಳಿದದ್ದು ಆಡು, ಅದೇ ಮೊದಲು ಹೋಗಬೇಕು. ಅಷ್ಟು ಎಲ್ಲರಿಗೂ ಹೊಳೆಯಿತು. ಅಲ್ಲಿಂದ ಮುಂದೆ ಎಲ್ಲರ ಗಾಡಿಯೂ ಹೂತುಕೊಂಡಿತು. ಎರಡನೆಯದಾಗಿ ಹುಲಿಯನ್ನು ಒಯ್ದರೆ ಅದು ಆಚೆ ದಡದಲ್ಲಿ ಆಡನ್ನು ತಿನ್ನುತ್ತದೆ, ಹುಲ್ಲನ್ನು ಒಯ್ದರೆ ಆಡೇ ಅದನ್ನು ತಿನ್ನುತ್ತದೆ. “ಆಗಕ್ಕಿಲ್ಲ ಮೇಷ್ಟ್ರೇ, ಇದು ಸುಳ್ ಲೆಕ್ಕ” ಎಂದು ಕೈಚೆಲ್ಲಿದರು.

“ಸುಳ್ಳಲ್ಲ ಕಣ್ರೋ. ದಾಟಿಸಿದ್ದನ್ನು ವಾಪಸು ತರಬಾರದು ಅಂತ ಲೆಕ್ಕ ಹೇಳಿದೆಯಾ? ನೀವೇ ಅಂದುಕೊಂಡದ್ದು. ಹುಲಿಯನ್ನು ಆಚೆ ಬಿಟ್ಟು, ಆಡನ್ನು ಈಚೆಗೆ ಕರೆದುಕೊಂಡು ಬನ್ನಿ. ಹಿಂದಕ್ಕೆ ಬಂದಂತೆ ಕಾಣುತ್ತದೆ, ನಿಜವಾಗಿ ಅದೇ ಮುಂದಕ್ಕೆ ಹೋಗುವ ದಾರಿ.”

ಹೇಳಿದವರೇ ಅಲ್ಲಿ ನಿಂತುಬಿಟ್ಟರು. ಮಡಕೆಚೂರಿನಲ್ಲಿ ಕಲ್ಲುಹರಳು ಇಟ್ಟು ಈಚೆಗೆ ಎಳೆಯುತ್ತಿದ್ದ ಕೈ ಅರ್ಧ ಹೊಳೆಯಲ್ಲಿ ನಿಂತಿತು. ದಾಟಿಸಿದ್ದನ್ನು ವಾಪಸು ತರಬಹುದು. ಹಾಗಾದರೆ ಎಂಟು ವರ್ಷ ಅವರು ಏನು ಮಾಡುತ್ತಿದ್ದರು? ಹುಡುಗರು ಮೇಷ್ಟ್ರ ಮುಖ ನೋಡುತ್ತ ಕೂತಿದ್ದರು.

ಅದೇ ವಾರ ಗಂಗಯ್ಯ ಆಚೆ ದಡದಿಂದ ಸುದ್ದಿ ತಂದ. “ಮೇಷ್ಟ್ರೇ, ಪರಮಶಿವಯ್ನೋರು ಯೋಳ್ಕಳ್ಸವ್ರೆ. ಮಾಗಡಿ ಕಡೆಯಿಂದ ನಿಮ್ಮ ಮಗೀನ ಕೇಳ್ಕಂಡು ಬಂದವ್ರಂತೆ. ಒಳ್ಳೆ ಮನ್ತನವಂತೆ. ಮದ್ವೆ ಇನ್ನೆರಡು ವರ್ಸ ತಡೆದಾದ್ರೂ ಆಗ್ಲಿ, ಮಾತು ಈಗ್ಲೇ ಆಗ್ಬೇಕಂತೆ. ನೀವು ಏನಂತೀರೋ ಅಂತ ಕಾಯ್ತಾವ್ರೆ.”

ಮಾತಾಯಿತು ಅಂದರೆ ಮುಗಿಯಿತು. ಗೌರಿ ಬಸವನಪಾಳ್ಯದಿಂದ ನೇರ ಮಾಗಡಿಗೆ ಹೋಗುತ್ತಾಳೆ. ಮೇಷ್ಟ್ರ ಮನೆಯ ಹೊಸ್ತಿಲು ಅವಳ ಕಾಲಿಗೆ ಒಂದು ದಿನವೂ ತಾಗುವುದಿಲ್ಲ. ಒಂದು ಹೊತ್ತು ಅವಳಿಗೆಂದು ಮುದ್ದೆ ತಿರುವುವ ಭಾಗ್ಯವೂ ಇಲ್ಲದೆ ತಾನು ಇದೇ ಗೋಡೆ ನೋಡಿಕೊಂಡು ಮುದುಕನಾಗಬೇಕು. ಅಯ್ಯೋ ಶಿವನೇ, ಹೆತ್ತ ಮಗಳನ್ನು ದಡ ಬದಲಾಯಿಸಿ ಬಿಟ್ಟು ಬಂದು ಮರೆತೆನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಕೋಪ ಬಂತು. ಕರೆದುಕೊಂಡು ಬರಬೇಕು, ಈ ಸಲವೇ. ಮಾಗಡಿಯವರಿಗೆ ಬೇಡ ಅನ್ನಬೇಕು.

ಸ್ಕೂಲಿಗೆ ಸ್ಲೇಟು ತರಲು ಚನ್ನಪಟ್ಟಣಕ್ಕೆ ಹೇಗೂ ಹೋಗಬೇಕಿತ್ತು. ಶನಿವಾರ ಹೊಳೆ ದಾಟುವಾಗಲೇ ಗಂಗಯ್ಯನಿಗೆ, “ನಾಳೆ ಸಂಜೆ ಕಾದಿರು. ವಾಪಸು ಬರುವಾಗ ನಾವು ಇಬ್ಬರು” ಎಂದರು. ಇಬ್ಬರು ಅನ್ನುವ ಮಾತು ಬಾಯಿಗೆ ಹೊಸ ರುಚಿಯಂತಿತ್ತು. ಅದನ್ನು ಎತ್ತಿನ ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡರು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ವಹಾಬ್ ಸಾಹೇಬರು ಅವರಿಗೆ ಹಳೆಯ ಪರಿಚಯ. ತಿರುಗುವ ಆಲೆಮರದ ತುಂಡಿಗೆ ಉಳಿ ಕೊಟ್ಟು, ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಕೈ ಅದು. ಮೇಷ್ಟ್ರು ಲೆಕ್ಕ ವಿವರಿಸಿ, ಹುಲಿ, ಆಡು, ಹುಲ್ಲುಹೊರೆ, ಒಂದು ಹರಿಗೋಲು ಬೇಕು ಎಂದರು.

“ಕಡದ್ರೆ ಎಲ್ಲಾ ಗುಂಡಗೇ ಬರ್ತವೆ ಮೇಷ್ಟ್ರೇ. ಹಳದಿಗೆ ಕಪ್ಪು ಪಟ್ಟೆ ಎಳೆದ್ರೆ ಹುಲಿ. ಕೆಂಪು ಆಡು. ಹಸಿರು ಹುಲ್ಲು. ನಡೀತದಾ?”

“ನಡೆಯುತ್ತದೆ.”

“ಅಂಬಿಗ?”

“ಅಂಬಿಗ ಬೇಡ ಸಾಹೇಬರೇ. ದಾಟಬೇಕಾದದ್ದು ಇವು ಮೂರು. ಅವನು ಸುಮ್ಮನೆ ಹುಟ್ಟು ಹಾಕುವವನು.”

ವಹಾಬ್ ಸಾಹೇಬರು ಉಳಿ ಎತ್ತಿಕೊಂಡರು. ಮರುದಿನ ಬೆಳಿಗ್ಗೆ ನಾಲ್ಕೂ ಸಾಮಾನನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಕೆಂಪು ಆಡಿಗೆ ಕೇಳದಿದ್ದರೂ ಎರಡು ಪುಟ್ಟ ಕೊಂಬು ಇಟ್ಟಿದ್ದರು.

ಬಸವನಪಾಳ್ಯ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಪರಮಶಿವಯ್ಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಮೇಷ್ಟ್ರು ಕಾಲು ತೊಳೆದವರೇ, ನೀರು ಕೂಡ ಕುಡಿಯದೆ, “ಗೌರಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ” ಎಂದುಬಿಟ್ಟರು. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದರು, ಒಂದೂ ನೆನಪಿಗೆ ಬರಲಿಲ್ಲ.

ಪರಮಶಿವಯ್ಯನ ಕೈ ನಿಂತಿತು. “ಎಂಟು ವರ್ಸ ನೆಪ್ಪಾಗ್ನಿಲ್ವಾ ಮೇಷ್ಟ್ರೇ? ಈಗ ಮಾಗಡಿಯೋರು ಬಂದ್ಮೇಕೆ ನೆಪ್ಪಾಯ್ತಾ?” ಅವನ ದನಿ ಗಡುಸಾಗಿತ್ತು. ಆದರೆ ಕಣ್ಣು ತುಂಬಿಕೊಂಡಿದ್ದನ್ನು ಮುಚ್ಚಲು ಹಗ್ಗದ ಕಡೆಗೇ ನೋಡುತ್ತಿದ್ದ.

ಚನ್ನಬಸಮ್ಮ ಬಾಗಿಲಲ್ಲಿ ನಿಂತಿದ್ದಳು. ಜಗಳ ಆಡಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. ಅವಳು ಜಗಳ ಆಡಲಿಲ್ಲ. “ನಿಮ್ಮ ಮಗು ಅಲ್ವಾ. ಬ್ಯಾಡ ಅನ್ನಾಕೆ ನಾನ್ಯಾವೋಳು” ಎಂದು ಒಳಗೆ ಹೋದಳು. ಗೂಟದ ಮೇಲಿನ ಪುಟ್ಟ ಲಂಗಗಳನ್ನು ಒಂದೊಂದಾಗಿ ತೆಗೆದು, ಮಡಚಿ, ಬಿಡಿಸಿ, ಮತ್ತೆ ಮಡಚಿ ಗಂಟಿಗೆ ಹಾಕುತ್ತಿದ್ದದ್ದು ಜಗಲಿಗೆ ಕಾಣುತ್ತಿತ್ತು. ಆಮೇಲೆ, “ಅವಳ್ಗೆ ರಾತ್ರಿ ಹೊತ್ತು ಕೆಮ್ಮು ಬತ್ತದೆ. ಎದೆಗೆ ಒಸಿ ಹರಳೆಣ್ಣೆ ತಿಕ್ಕಿ” ಎಂದಳು. ಅಷ್ಟರಲ್ಲಿ ಗೌರಿ ಬೀದಿಯಿಂದ ಓಡಿ ಬಂದಳು.

“ಅವ್ವಾ, ಮೇಷ್ಟ್ರು ಬಂದ್ರು!”

ಏನು ಮಾಡಬೇಕೋ ತೋಚದೆ ಮೇಷ್ಟ್ರು ಬಟ್ಟೆಯ ಗಂಟು ಬಿಚ್ಚಿದರು. ಬಣ್ಣ ನೋಡಿದ್ದೇ ತಡ ಹುಡುಗಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಅವರು ಲೆಕ್ಕ ಹೇಳಿದರು. ಜಗಲಿಯ ಕಲ್ಲಿನ ಬಿರುಕೇ ಹೊಳೆಯಾಯಿತು.

“ಹುಲೀನೂ ಹುಲ್ಲೂ ಜೊತೇಲಿದ್ರೆ ಏನೂ ಆಗಕ್ಕಿಲ್ವಾ?”

“ಏನೂ ಆಗುವುದಿಲ್ಲ.”

“ಹಂಗಾರೆ ಮೊದ್ಲು ಆಡು.” ಅವಳು ಕೆಂಪು ಆಡನ್ನು ದಾಟಿಸಿದಳು. ಖಾಲಿ ಹರಿಗೋಲು ವಾಪಸು ತಂದಳು. ಹುಲಿಯನ್ನು ಒಯ್ದಳು. ಅಲ್ಲಿ ಅವಳ ಬೆರಳು ನಿಂತಿತು. ಹುಬ್ಬು ಗಂಟಿಕ್ಕಿತು, ಕೆಳತುಟಿ ಮುಂದಕ್ಕೆ ಬಂತು. ಮೇಷ್ಟ್ರು ಉಸಿರು ಹಿಡಿದು ನೋಡಿದರು. ಆ ತುಟಿ ಗಿರಿಜಾಂಬನದು, ಒಲೆ ಉರಿಯದಿದ್ದರೆ ಅವಳೂ ಹೀಗೇ ಕೂರುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಹುಲಿಯನ್ನು ಆಚೆ ಇಳಿಸಿ, ಆಡನ್ನು ಎತ್ತಿ ಹರಿಗೋಲಿಗೆ ಹಾಕಿ ಈಚೆಗೆ ತಂದಳು. ಆಡನ್ನು ಇಳಿಸಿ ಹುಲ್ಲನ್ನು ಒಯ್ದಳು. ಕೊನೆಗೆ ಆಡಿಗಾಗಿ ಮತ್ತೆ ಬಂದಳು. ಲೆಕ್ಕ ಮುಗಿಯಿತು!

“ಹೇಗೆ ಗೊತ್ತಾಯಿತು?” ಎಂದರು ಮೇಷ್ಟ್ರು.

“ಬ್ಯಾರೆ ಎಲ್ಲಾನೂ ಮನಸ್ನಾಗೇ ಮಾಡ್ನೋಡ್ದೆ. ಎಲ್ಲಾದ್ರಲ್ಲೂ ಒಂದನ್ನೊಂದು ತಿಂದ್ಬುಡ್ತದೆ. ತಿನ್ದೇ ಇರೋದು ಇದೊಂದೇ ಉಳೀತು.”

ಮೇಷ್ಟ್ರಿಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಇಷ್ಟು ವರ್ಷ ಎಷ್ಟು ಮಕ್ಕಳನ್ನು ಕೇಳಿದ್ದರೋ, ‘ಹೇಗೆ ಗೊತ್ತು’ ಎಂಬ ಮಾತಿಗೆ ಇಂಥ ಉತ್ತರ ಒಬ್ಬರೂ ಕೊಟ್ಟಿರಲಿಲ್ಲ. ಈ ಮಗುವಿನ ಜೊತೆ ಸಂಜೆ ಹೊತ್ತು ಒಲೆಯ ಮುಂದೆ ಕೂತು ಲೆಕ್ಕ ಮಾಡಬಹುದು, ಆ ಕೋಣೆಯಲ್ಲಿ ಇನ್ನೊಂದು ದನಿ ಕೇಳಬಹುದು ಎಂದು ನೆನೆದೇ ಕಣ್ಣು ಮಂಜಾಯಿತು. ಇನ್ನು ‘ಹೊರಡು ಮಗಾ’ ಅನ್ನುವುದೊಂದೇ ಬಾಕಿ.

ಗೌರಿ ಮಾತ್ರ ಕೆಂಪು ಆಡನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು.

“ಮೇಷ್ಟ್ರೇ, ಹುಲಿ ಒಂದ್ಸಲ ಹೊಳೆ ದಾಟ್ತು. ಹುಲ್ಲೂ ಒಂದ್ಸಲ. ಆಡು ಮಾತ್ರ ಯಾಕೆ ಮೂರ್ಸಲ?”

“ಲೆಕ್ಕ ಹಾಗಿದೆ ಮಗಾ.”

“ಆಡು ಒಂದೇ ಸಲ ದಾಟೋ ಅಂಥ ದಾರಿ ಇಲ್ವಾ?”

ಇನ್ನೊಂದು ದಾರಿ ಇತ್ತು. ಎರಡನೆಯ ಸಲ ಹುಲಿಯ ಬದಲು ಹುಲ್ಲನ್ನು ಒಯ್ಯಬಹುದು. ಆದರೆ ಅದರಲ್ಲೂ ಆಡಿನ ಪಾಡು ಇದೇ. ಲೆಕ್ಕದ ವಿಷಯದಲ್ಲಿ ಸುಳ್ಳು ಹೇಳುವುದು ಮೇಷ್ಟ್ರಿಂದ ಆಗದ ಕೆಲಸ. “ಇಲ್ಲ ಮಗಾ” ಎಂದರು.

“ಪಾಪ. ಅದನ್ನ ಒಂದ್ಮಾತು ಯಾರೂ ಕೇಳ್ನೇ ಇಲ್ಲ ಅಲ್ವಾ?”

ಮೇಷ್ಟ್ರು ಮನಸ್ಸಿನಲ್ಲೇ ಎಣಿಸಿದರು. ಪಂಚೆಯಲ್ಲಿ ಸುತ್ತಿಕೊಂಡು ಈಚೆಗೆ ತಂದದ್ದು ಒಂದು ಸಲ. ಈಗ ಗಂಟು ಕಟ್ಟಿಸಿ ಆಚೆಗೆ ಒಯ್ಯಲು ಬಂದದ್ದು ಎರಡು. ನಾಳೆ ಮದುವೆ ಎಂದು ಮತ್ತೆಲ್ಲಿಗೋ ಕಳಿಸುವುದು ಮೂರು. ಒಳಗೆ ಚನ್ನಬಸಮ್ಮ ಗಂಟಿನ ಮೇಲೆ ಕೈಯಿಟ್ಟು ಗೋಡೆಗೆ ಒರಗಿ ಕೂತಿದ್ದಳು. ತಾವು ದಿನವೂ ನೋಡುವ ಗೋಡೆಯ ಕಡೆಗೇ ಅವಳೂ ನೋಡುತ್ತಿರುವಂತೆ ಅವರಿಗೆ ಅನ್ನಿಸಿತು.

“ಸರಿ, ಕೇಳುತ್ತೇನೆ” ಎಂದರು ಕಷ್ಟಪಟ್ಟು. “ಗೌರೀ, ನನ್ನ ಜೊತೆ ಹುಣಸೆಹಳ್ಳಿಗೆ ಬಂದು ಇರುತ್ತೀಯಾ?”

“ಅವ್ವ?”

“ಅವ್ವ ಇಲ್ಲೇ ಇರುತ್ತಾರೆ.”

ಹುಡುಗಿ ಆಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಅದೇ ಉತ್ತರ. ಮೇಷ್ಟ್ರಿಗೆ ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಹುಣಸೆಹಳ್ಳಿಯ ಕೋಣೆ, ಒಲೆ, ಗಂಟುಮುದ್ದೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಳು ಒತ್ತರಿಸಿ ಬಂತು, ಮಗುವಿನ ಎದುರು ಅಳಬಾರದು ಎಂದು ಎದ್ದು ನಿಂತರು.

“ಇದ್ರಲ್ಲಿ ಅಂಬಿಗ್ನೇ ಇಲ್ವಲ್ಲ ಮೇಷ್ಟ್ರೇ” ಎಂದಳು ಗೌರಿ.

ಅವರು ಉತ್ತರ ಹೇಳುವ ಮೊದಲೇ, ಅವರ ಕೋಟಿನ ಜೇಬಿನಿಂದ ಇಣುಕುತ್ತಿದ್ದ ಬಳಪದ ತುಂಡನ್ನು ಕಿತ್ತುಕೊಂಡು ಹರಿಗೋಲಿನ ನಡುವೆ ನಿಲ್ಲಿಸಿದಳು. ಮುಷ್ಟಿಯಲ್ಲಿದ್ದ ಆಡನ್ನು ಬಿರುಕಿನ ಈಚೆಗೆ, ತನ್ನ ಮಗ್ಗುಲಿಗೆ ಇಟ್ಟುಕೊಂಡಳು. ಬಿಳಿ ಬಳಪ, ಮೇಷ್ಟ್ರ ಪಂಚೆಯ ಹಾಗೇ ಸವೆದದ್ದು. “ಇವ್ನೇ ಅಂಬಿಗ. ಇವ್ನ ಮನೆ ಯಾವ ದಡದಾಗೈತೆ?”

“ಆಚೆ ದಡದಲ್ಲಿ.”

“ಅಲ್ಲಿ ಯಾರವ್ರೆ?”

“ಯಾರೂ ಇಲ್ಲ.”

“ಹಂಗಾರೆ ಅಲ್ಲೀ ಮನೆಗೆ ಯಾಕ್ ಹೋಯ್ತಾನೆ?” ಅವಳು ನಿಜವಾಗಿಯೂ ಅರ್ಥವಾಗದೆ ಕೇಳಿದಳು. “ಆಡು ಇರೋ ದಡದಾಗೇ ಮನೆ ಮಾಡ್ಕಂಡು, ದಿನಾ ಹರಿಗೋಲ್ನಾಗೆ ಹೋಗಿ ಬಂದು ಮಾಡ್ಲಿ. ಹರಿಗೋಲು ಅವುಂದೇ ತಾನೇ? ಹಂಗ್ ಮಾಡ್ಬಾರ್ದು ಅಂತ ಲೆಕ್ಕದಾಗೆ ಯೋಳೈತಾ?”

ಮೇಷ್ಟ್ರು ಬಾಯಿ ತೆರೆದರು. ಮನೆ ಅಳಿಯ, ಜನ ಏನಂದಾರು, ಹೆಂಡತಿ ಕಡೆಯವರ ಅನ್ನ ಎಂದು ಎಂಟು ವರ್ಷ ಕಾಪಾಡಿಕೊಂಡು ಬಂದ ಮಾತುಗಳು ನಾಲಗೆಯ ತುದಿಗೆ ಬಂದವು. ಒಂದೂ ಹೊರಗೆ ಬರಲಿಲ್ಲ. ಅವನ್ನು ಯಾವ ಲೆಕ್ಕವೂ ಹೇಳಿರಲಿಲ್ಲ. ಊರ ಮಕ್ಕಳಿಗೆಲ್ಲ ಹೇಳಿಕೊಟ್ಟು, ತಾವೇ ಅಲ್ಲಿ ಮುಗ್ಗರಿಸಿ ಬಿದ್ದಿದ್ದರು.

“ಇಲ್ಲ ಮಗಾ” ಎಂದರು. “ಹೇಳಿಲ್ಲ.”

ಪರಮಶಿವಯ್ಯ ಹಗ್ಗವನ್ನು ಪಕ್ಕಕ್ಕಿಟ್ಟ. “ಹಿತ್ಲ ಕ್ವಾಣೆ ಈಗ್ಲೂ ಖಾಲಿನೇ ಐತೆ” ಎಂದ, ಯಾರ ಮುಖವನ್ನೂ ನೋಡದೆ. ಮೇಷ್ಟ್ರು ಮತ್ತೆ ಜಗಲಿಯ ಮೇಲೆ ಕೂತು, “ಮಾಗಡಿಯವರಿಗೆ ಈಗ ಬೇಡ ಅಂತ ಹೇಳಿ ಪರಮಶಿವಯ್ಯನವರೇ. ಅವಳಿನ್ನೂ ಲೆಕ್ಕ ಕಲಿಯಬೇಕು” ಎಂದರು. ಒಳಗೆ ಚನ್ನಬಸಮ್ಮ ಗಂಟು ಬಿಚ್ಚುವ ಸದ್ದು ಕೇಳಿಸಿತು. ಲಂಗಗಳು ಒಂದೊಂದಾಗಿ ಗೂಟಕ್ಕೆ ಮರಳಿದವು.

ಸಂಜೆ ಗಂಗಯ್ಯ ಹರಿಗೋಲನ್ನು ದಡಕ್ಕೆ ಒತ್ತಿ ಹಿಡಿದು ಕಾದಿದ್ದ. ಮೇಷ್ಟ್ರು ಸ್ಲೇಟಿನ ಕಟ್ಟು ಹೊತ್ತು ಒಬ್ಬರೇ ಬರುವುದನ್ನು ನೋಡಿ ಅವನ ಮುಖ ಸಣ್ಣದಾಯಿತು.

“ಇಬ್ರು ಅಂದಿದ್ರಲ್ಲಾ ಮೇಷ್ಟ್ರೇ. ಮಗು ಬರ್ನಿಲ್ವಾ?”

“ಇಲ್ಲ ಗಂಗಯ್ಯ. ಇನ್ನು ಮೇಲೆ ನಾನೇ ಈ ದಡದಿಂದ ದಿನಾ ಸ್ಕೂಲಿಗೆ ಬರುತ್ತೇನೆ.”

ಗಂಗಯ್ಯ ಹುಟ್ಟನ್ನು ನೀರಿನಲ್ಲಿ ಹಾಗೇ ಬಿಟ್ಟು ಅವರನ್ನೇ ನೋಡಿದ. “ದಿನಾನಾ? ಮಳೆಗಾಲ್ದಾಗೆ ಹೊಳೆ ತುಂಬ್ಕಂಡ್ರೆ?”

“ಐಕ್ಳು ರಜ ಅಂತ ಕುಣೀತವೆ.”

ಗಂಗಯ್ಯ ಗಹಗಹಿಸಿ ನಕ್ಕ. ಮೇಷ್ಟ್ರೂ ನಕ್ಕರು.

ಮನೆ ಬೀಗ ತೆಗೆದಾಗ ಒಳಗೆ ಎಂದಿನ ಹಾಗೇ ತಣ್ಣಗಿತ್ತು. ಒಂಟಿಯಾಗಿ ಬಾಳಿದ ಮನೆಗೆ ಅದರದೇ ಒಂದು ವಾಸನೆ ಇರುತ್ತದೆ, ಆ ವಾಸನೆ ಅವರನ್ನು ಎದುರುಗೊಂಡಿತು. ಇಷ್ಟು ವರ್ಷ ಇದನ್ನೇ ಕಾಯ್ದೆನೇ ಅಂದುಕೊಂಡರು. ಬಾಗಿಲಲ್ಲೇ ನಿಂತು, ಹೊಳೆಯಾಚೆಗೆ ಏನೇನು ಒಯ್ಯಬೇಕು ಎಂದು ಸುತ್ತಲೂ ನೋಡಿದರು. ಚಾಪೆ, ಕಂಬಳಿ, ಎರಡು ಪಂಚೆ. ಮಡಕೆ, ಮುದ್ದೆ ಕೋಲು. ಗೂಡಿನಲ್ಲಿ ವಿಭೂತಿಯ ತಟ್ಟೆ, ಅದರ ಪಕ್ಕದಲ್ಲಿ ಗಿರಿಜಾಂಬನ ಕುಂಕುಮದ ಭರಣಿ. ಮತ್ತೇನೂ ಇರಲಿಲ್ಲ. ಯಾವುದನ್ನು ಮೊದಲು ಒಯ್ಯಬೇಕು, ಯಾವುದನ್ನು ಯಾವುದರ ಹತ್ತಿರ ಬಿಡಬಾರದು ಎಂದು ಯೋಚಿಸುವಂಥದ್ದೂ ಅಲ್ಲಿ ಏನೂ ಇರಲಿಲ್ಲ. ಎಲ್ಲ ಒಂದೇ ಸಲಕ್ಕೆ ಹರಿಗೋಲಿಗೆ ಹಿಡಿಯುತ್ತಿತ್ತು.